ಎತ್ತರ ಅಂದ್ರೆ ಎಲ್ಲಿಂದ ಎತ್ತರ? ಬೆಟ್ಟ, ಹಿಮನದಿಗಳಲ್ಲಿ ಡ್ರೋನ್ ಸಂಶೋಧನೆ ಮಾಡುವವರಿಗೆ ಕೈಪಿಡಿ

ಪ್ರಾಜೆಕ್ಟ್ ಪ್ರಸ್ತಾವನೆ ಬರೆಯುವ ಕಾಲ ಬಂತು ಅಂದರೆ ಒಂದೇ ಪ್ರಶ್ನೆ ನಾಲ್ಕು ಕಡೆಯಿಂದ ಬರುತ್ತದೆ. ‘ಬೆಟ್ಟದ ಮೇಲೆ ಡ್ರೋನ್ ಹಾರಿಸಿ ಪರಿಸರದ ಬಗ್ಗೆ ಕೆಲಸ ಮಾಡಬೇಕು ಅಂತಿದ್ದೀನಿ, ಯಾವ ಡ್ರೋನ್ ತಗೊಳ್ಳಲಿ?’ ಕೇಳುವವರು ಎಂಎಸ್‌ಸಿ ವಿದ್ಯಾರ್ಥಿಗಳು, ಪಿಎಚ್‌ಡಿಗೆ ಈಗಷ್ಟೇ ಸೇರಿದವರು, ಒಮ್ಮೊಮ್ಮೆ ಕಾಲೇಜು ಮೇಷ್ಟ್ರುಗಳು. ನಾನು ತಿರುಗಿ ಒಂದೇ ಮಾತು ಕೇಳುತ್ತೇನೆ: ‘ಎತ್ತರ ಅಂದ್ರಲ್ಲ, ಎಲ್ಲಿಂದ ಎತ್ತರ?’ ತಮಾಷೆಗೆ ಕೇಳುವುದಲ್ಲ. ಡ್ರೋನ್ ಗುಡ್ಡಕ್ಕೆ ಬಡಿದದ್ದು, ನಕ್ಷೆ ಹಾಳಾದದ್ದು, ಅನುಮತಿ ಸಿಗದೆ ವಾಪಸ್ ಬಂದದ್ದು, ಕೊನೆಗೆ ಪ್ರಬಂಧ ತಿರಸ್ಕಾರವಾದದ್ದು, ಇವುಗಳ ಹಿಂದೆ ಬಹಳ ಸಲ ಇದೇ ಪ್ರಶ್ನೆ ಕೂತಿರುತ್ತದೆ.

ಮೊದಲು ಒಂದು ಗೊಂದಲ ಬಿಡಿಸಿಬಿಡೋಣ. ‘ಹೈ ಆಲ್ಟಿಟ್ಯೂಡ್ ಡ್ರೋನ್’ ಅಂತ ಹುಡುಕಿದರೆ ಎರಡು ಬೇರೆಬೇರೆ ವಿಷಯ ಸಿಗುತ್ತವೆ. ಒಂದು, ವಾಯುಮಂಡಲದ ಮೇಲಿನ ಪದರದಲ್ಲಿ, ಸುಮಾರು 20 ಕಿಲೋಮೀಟರ್ ಎತ್ತರದಲ್ಲಿ, ಬಿಸಿಲಿನ ಶಕ್ತಿಯಿಂದ ದಿನಗಟ್ಟಲೆ ಹಾರುವ ವಿಮಾನ. ನಾಸಾದ ಹೀಲಿಯೋಸ್ 2001ರಲ್ಲಿ 29 ಕಿಲೋಮೀಟರ್ ದಾಟಿತ್ತು. ಏರ್‌ಬಸ್‌ನ ಝೆಫೈರ್ 2022ರಲ್ಲಿ 64 ದಿನ ಮೇಲೆಯೇ ಇತ್ತು. ನಮ್ಮ ಬೆಂಗಳೂರಿನ ಎನ್‌ಎಎಲ್ (ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯ) ಕೂಡ ಇಂಥದ್ದರ ಸಣ್ಣ ಮಾದರಿಯೊಂದನ್ನು 2024ರ ಆರಂಭದಲ್ಲಿ ಚಳ್ಳಕೆರೆಯ ಪರೀಕ್ಷಾ ವಲಯದಲ್ಲಿ ಹಾರಿಸಿತು. ಅದು ಸುಮಾರು 3 ಕಿಲೋಮೀಟರ್ ಎತ್ತರಕ್ಕೆ ಹೋಗಿ ಎಂಟೂವರೆ ಗಂಟೆ ಹಾರಿತು. ಇದು ದೊಡ್ಡ ಸಂಸ್ಥೆಗಳ ಕೆಲಸ, ಒಬ್ಬ ವಿದ್ಯಾರ್ಥಿಯ ಕೈಗೆ ಸಿಗುವಂಥದ್ದಲ್ಲ.

ಎರಡನೆಯದು ಮಾಮೂಲಿ ಗಾತ್ರದ ಡ್ರೋನನ್ನೇ ಎತ್ತರದ ಜಾಗಕ್ಕೆ ಹೊತ್ತುಕೊಂಡು ಹೋಗಿ ಹಾರಿಸುವುದು. ಹಿಮನದಿ, ಶೋಲಾ ಕಾಡು, ಬೆಟ್ಟದ ಹುಲ್ಲುಗಾವಲು, ಕುಸಿದ ಗುಡ್ಡ, ಇವೆಲ್ಲ ಇದರಲ್ಲಿ ಬರುತ್ತವೆ. ಈ ಲೇಖನ ಎರಡನೆಯದರ ಬಗ್ಗೆ.

1. ಪ್ರಶ್ನೆ ಬರೆಯಿರಿ, ಪಕ್ಕದಲ್ಲಿ ಒಂದು ಅಂಕಿ ಹಾಕಿ

‘ಹಿಮನದಿಯ ಅಧ್ಯಯನ’ ಅನ್ನುವುದು ಪ್ರಶ್ನೆಯಲ್ಲ. ‘ಈ ಹಿಮನದಿಯ ಮೈ ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಎಷ್ಟು ಇಳಿಯಿತು?’ ಅನ್ನುವುದು ಪ್ರಶ್ನೆ. ಅದರ ಪಕ್ಕದಲ್ಲಿ, ನೀವು ಎಷ್ಟು ಸಣ್ಣ ಬದಲಾವಣೆ ಹಿಡಿಯಬೇಕು ಅನ್ನುವ ಅಂಕಿ ಇರಬೇಕು. ಒಂದು ಮೀಟರಾ? ಹತ್ತು ಸೆಂಟಿಮೀಟರಾ?

ನೇಪಾಳದ ಲಾಂಗ್‌ಟಾಂಗ್ ಕಣಿವೆಯ ಲಿರುಂಗ್ ಹಿಮನದಿಯ ಮೇಲೆ ಆದ ಕೆಲಸ ಇದಕ್ಕೆ ಒಳ್ಳೆಯ ಉದಾಹರಣೆ. ನೆದರ್‌ಲ್ಯಾಂಡ್ಸ್‌ನ ಉಟ್ರೆಕ್ಟ್ ವಿಶ್ವವಿದ್ಯಾಲಯದ ವಾಲ್ಟರ್ ಇಮ್ಮರ್‌ಝೀಲ್ ಮತ್ತು ಜೊತೆಗಾರರು 2013ರ ಮೇ ಮತ್ತು ಅಕ್ಟೋಬರ್‌ನಲ್ಲಿ ಅದರ ಮೇಲೆ ಪುಟ್ಟ ರೆಕ್ಕೆಯ ಡ್ರೋನ್ ಹಾರಿಸಿದರು. ಎರಡು ಸಲದ ಮೇಲ್ಮೈಗಳನ್ನು ಕಳೆದು ನೋಡಿದಾಗ ಸರಾಸರಿ ಒಂದು ಮೀಟರಿಗೆ ಸ್ವಲ್ಪ ಜಾಸ್ತಿ ಇಳಿದಿತ್ತು. ಅದಕ್ಕಿಂತ ಮುಖ್ಯವಾದದ್ದು, ಕಲ್ಲುಮಣ್ಣು ಮುಚ್ಚಿಕೊಂಡ ಹಿಮ ನಿಧಾನಕ್ಕೆ ಕರಗುತ್ತಿದ್ದರೂ ಮಧ್ಯೆ ಮಧ್ಯೆ ಬಾಯಿಬಿಟ್ಟುಕೊಂಡ ಹಿಮದ ಗೋಡೆಗಳು, ಕೊಳಗಳ ಅಂಚುಗಳು ಅದಕ್ಕಿಂತ ಬಹಳ ಬೇಗ ಕರಗುತ್ತಿದ್ದವು. ಉಪಗ್ರಹದ ಚಿತ್ರದಲ್ಲಿ ಇಷ್ಟು ವಿವರ ಹಿಡಿಯುವುದು ಕಷ್ಟ.

ಬದಲಾವಣೆ ಒಂದು ಮೀಟರ್ ಇದ್ದದ್ದರಿಂದ ಅವರ ತಪ್ಪು ಹತ್ತಿಪ್ಪತ್ತು ಸೆಂಟಿಮೀಟರ್ ಇದ್ದರೂ ನಡೆಯಿತು. ನಿಮ್ಮ ಕೆಲಸಕ್ಕೂ ಇದೇ ಲೆಕ್ಕ ಹಾಕಿ. ಒಂದೊಂದು ಹಾರಾಟದ ಎತ್ತರದ ತಪ್ಪು 10 ಸೆಂಟಿಮೀಟರ್ ಅಂದುಕೊಳ್ಳಿ. ಎರಡನ್ನು ಕಳೆದಾಗ ತಪ್ಪುಗಳು ಸೇರಿಕೊಳ್ಳುತ್ತವೆ: 10ರ ವರ್ಗ, 10ರ ವರ್ಗ ಕೂಡಿಸಿ ವರ್ಗಮೂಲ ತೆಗೆದರೆ 14. ಅದನ್ನು 1.96ರಿಂದ (95% ಭರವಸೆಗೆ ಬಳಸುವ ಅಂಕಿ) ಗುಣಿಸಿದರೆ ಸುಮಾರು 28 ಸೆಂಟಿಮೀಟರ್. ಅಂದರೆ 28 ಸೆಂಟಿಮೀಟರಿಗಿಂತ ಕಡಿಮೆ ಬದಲಾವಣೆ ಕಂಡರೆ ಅದು ನಿಜವೋ ತಪ್ಪೋ ಅಂತ 95% ಭರವಸೆಯಿಂದ ಹೇಳಲಾಗುವುದಿಲ್ಲ. ಎರಡು ವಾರದ ಅಂತರದಲ್ಲಿ ಹಾರಿಸಿ 15 ಸೆಂಟಿಮೀಟರ್ ಕರಗಿದೆ ಅಂತ ಬರೆದರೆ ವಿಮರ್ಶಕರು ಮೊದಲು ಕೈ ಇಡುವುದೇ ಅಲ್ಲಿ.

ಈ ಲೆಕ್ಕ ಮಾಡಿದ ಮೇಲೆ ‘ಡ್ರೋನೇ ಬೇಡ, ಉಪಗ್ರಹದ ಚಿತ್ರ ಸಾಕು’ ಅಂತ ಅನಿಸಿದರೆ ಖುಷಿಪಡಿ. ಅರ್ಧ ಖರ್ಚು ಉಳಿಯಿತು.

2. ನಾಲ್ಕು ಎತ್ತರಗಳನ್ನು ಬೇರೆಬೇರೆ ಇಟ್ಟುಕೊಳ್ಳಿ

ಇದನ್ನು ಒಂದು ಚೀಟಿಯಲ್ಲಿ ಬರೆದು ರಿಮೋಟಿಗೆ ಅಂಟಿಸಿದರೂ ತಪ್ಪಿಲ್ಲ.

ಟೇಕಾಫ್ ಜಾಗದಿಂದ ಎತ್ತರ: ರಿಮೋಟಿನ ಪರದೆಯಲ್ಲಿ ಕಾಣುವುದು ಸಾಮಾನ್ಯವಾಗಿ ಇದೇ.

ಕೆಳಗಿನ ನೆಲದಿಂದ ಎತ್ತರ: ಕಾನೂನು ಕೇಳುವುದು ಇದನ್ನು, ಚಿತ್ರದ ಗುಣಮಟ್ಟ ನಿಂತಿರುವುದೂ ಇದರ ಮೇಲೆ.

ಸಮುದ್ರಮಟ್ಟದಿಂದ ಎತ್ತರ: ಡ್ರೋನ್ ಕಂಪನಿ ‘6000 ಮೀಟರ್‌ವರೆಗೆ ಹಾರುತ್ತದೆ’ ಅಂದರೆ ಇದು. ಮುಳ್ಳಯ್ಯನಗಿರಿ 1930 ಮೀಟರ್ ಅನ್ನುವುದೂ ಇದೇ.

ಎಲಿಪ್ಸಾಯ್ಡ್ ಎತ್ತರ: ಭೂಮಿಯ ಆಕಾರಕ್ಕೆ ಹೊಂದುವಂತೆ ಲೆಕ್ಕದಲ್ಲಿ ಮಾಡಿಕೊಂಡ ನುಣುಪಾದ, ತುಸು ಚಪ್ಪಟೆ ಗೋಳಕ್ಕೆ ಎಲಿಪ್ಸಾಯ್ಡ್ ಅನ್ನುತ್ತಾರೆ. ಜಿಪಿಎಸ್ ನೇರವಾಗಿ ಅಳೆಯುವುದು ಅದರಿಂದ.

ಕೊನೆಯ ಎರಡರ ನಡುವಿನ ವ್ಯತ್ಯಾಸ ಪುಸ್ತಕದ ಬದನೆಕಾಯಿ ಅಂತ ಬಿಡಬೇಡಿ. ದಕ್ಷಿಣ ಭಾರತದಲ್ಲಿ ಅದು ದೊಡ್ಡದು. ಶ್ರೀಲಂಕಾದ ದಕ್ಷಿಣಕ್ಕೆ ಸಮುದ್ರದ ಮೈ ಎಲಿಪ್ಸಾಯ್ಡ್‌ಗಿಂತ 100 ಮೀಟರಿಗೂ ಜಾಸ್ತಿ ತಗ್ಗಿದೆ, ಜಗತ್ತಿನಲ್ಲೇ ಅತಿ ಆಳದ ತಗ್ಗು ಅದು. ಆ ತಗ್ಗಿನ ಇಳಿಜಾರು ಕರ್ನಾಟಕದವರೆಗೂ ಬರುತ್ತದೆ. ಬೆಂಗಳೂರಿನ ಐಐಎಸ್‌ಸಿ ಆವರಣದಲ್ಲಿರುವ ಶಾಶ್ವತ ಜಿಪಿಎಸ್ ಕೇಂದ್ರದ ಎಲಿಪ್ಸಾಯ್ಡ್ ಎತ್ತರ ಸುಮಾರು 844 ಮೀಟರ್. ಸಮುದ್ರಮಟ್ಟದ ಲೆಕ್ಕದಲ್ಲಿ ಅದೇ ಜಾಗ ಅದಕ್ಕಿಂತ 85 ಮೀಟರಿನಷ್ಟು ಮೇಲಿದೆ.

ಇದು ಎಲ್ಲಿ ಕಚ್ಚುತ್ತದೆ ಗೊತ್ತಾ? ಉಚಿತವಾಗಿ ಸಿಗುವ ಎತ್ತರದ ನಕ್ಷೆಗಳಲ್ಲಿ. ನಾಸಾದ ಎಸ್‌ಆರ್‌ಟಿಎಂ ಸಮುದ್ರಮಟ್ಟದ ಲೆಕ್ಕದಲ್ಲಿದೆ. ಇಸ್ರೋದ ಭುವನ್ ಪೋರ್ಟಲ್‌ನಲ್ಲಿ ಸಿಗುವ ಕಾರ್ಟೋಡೆಮ್ ಎಲಿಪ್ಸಾಯ್ಡ್ ಲೆಕ್ಕದಲ್ಲಿದೆ. ಒಂದನ್ನು ಇನ್ನೊಂದು ಅಂದುಕೊಂಡು ಹಾರಾಟದ ಯೋಜನೆ ಹಾಕಿದರೆ ಡ್ರೋನ್ 85 ಮೀಟರ್ ತಪ್ಪು ಎತ್ತರದಲ್ಲಿರುತ್ತದೆ. ನೀವು ಹಾರಿಸಬೇಕು ಅಂದುಕೊಂಡದ್ದೇ 80 ಮೀಟರ್ ಮೇಲಾದರೆ?

3. ಅನುಮತಿ: ಆರು ತಿಂಗಳ ಮುಂಚೆ ಶುರು ಮಾಡಿ

ಈ ಹಂತದ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ. ಸಂಶೋಧನೆ ಅರ್ಧಕ್ಕೆ ನಿಲ್ಲುವುದು ಇಲ್ಲೇ.

ಭಾರತದಲ್ಲಿ ಈಗ ನಡೆಯುತ್ತಿರುವುದು 2021ರ ಡ್ರೋನ್ ನಿಯಮಗಳು. ಆಕಾಶವನ್ನು ಹಸಿರು, ಹಳದಿ, ಕೆಂಪು ಅಂತ ಮೂರು ವಲಯ ಮಾಡಿದ್ದಾರೆ. ಸರ್ಕಾರದ ‘ಡಿಜಿಟಲ್ ಸ್ಕೈ’ ಜಾಲತಾಣದ ನಕ್ಷೆಯಲ್ಲಿ ನಿಮ್ಮ ಜಾಗ ಯಾವ ಬಣ್ಣದಲ್ಲಿದೆ ಅಂತ ನೋಡಿ. ಹಸಿರಿನಲ್ಲಿ ನೆಲದಿಂದ 400 ಅಡಿ, ಅಂದರೆ 120 ಮೀಟರ್‌ವರೆಗೆ ಮುಂಚಿತ ಅನುಮತಿ ಬೇಡ. ವಿಮಾನ ನಿಲ್ದಾಣದ ಅಂಚಿನಿಂದ 8ರಿಂದ 12 ಕಿಲೋಮೀಟರ್ ನಡುವೆ ಇದು 200 ಅಡಿ ಮಾತ್ರ. ಹಳದಿಯಲ್ಲಿ ವಿಮಾನ ಸಂಚಾರ ನಿಯಂತ್ರಣದವರ ಅನುಮತಿ ಬೇಕು. ಕೆಂಪಿನಲ್ಲಿ ಕೇಂದ್ರ ಸರ್ಕಾರವೇ ಕೊಡಬೇಕು. ನಕ್ಷೆ ಬದಲಾಗುತ್ತಿರುತ್ತದೆ, ಹೊರಡುವ ಹಿಂದಿನ ದಿನ ಇನ್ನೊಮ್ಮೆ ನೋಡಿ.

ಡ್ರೋನ್‌ಗೆ ನೋಂದಣಿ ಸಂಖ್ಯೆ ಬೇಕು. ತೂಕದ ಪ್ರಕಾರ ದರ್ಜೆ ಇದೆ: 250 ಗ್ರಾಂವರೆಗೆ ನ್ಯಾನೋ, ಅಲ್ಲಿಂದ 2 ಕೆಜಿವರೆಗೆ ಮೈಕ್ರೋ, 25 ಕೆಜಿವರೆಗೆ ಸ್ಮಾಲ್. ವ್ಯಾಪಾರದ ಉದ್ದೇಶ ಇಲ್ಲದಿದ್ದರೆ ಮೈಕ್ರೋ ಹಾರಿಸಲು ಪೈಲಟ್ ಪ್ರಮಾಣಪತ್ರ ಬೇಡ. ಆದರೂ ತಂಡದಲ್ಲಿ ಒಬ್ಬರಾದರೂ ಡಿಜಿಸಿಎ (ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ) ಮಾನ್ಯತೆಯ ತರಬೇತಿ ಕೇಂದ್ರದಲ್ಲಿ ಕಲಿತು ಪ್ರಮಾಣಪತ್ರ ತೆಗೆದುಕೊಳ್ಳಿ. ಹತ್ತನೇ ತರಗತಿ ಪಾಸಾಗಿ 18 ತುಂಬಿದ್ದರೆ ಸಾಕು. ಬೆಟ್ಟದ ಬುಡದಲ್ಲಿ ಪೊಲೀಸರು ನಿಲ್ಲಿಸಿದಾಗ ಆ ಕಾಗದ ಮಾಡುವ ಕೆಲಸವೇ ಬೇರೆ. ಮೂರನೇ ವ್ಯಕ್ತಿಗೆ ಆಗುವ ಹಾನಿಗೆ ವಿಮೆಯನ್ನೂ ಮಾಡಿಸಿ. ನ್ಯಾನೋ ಬಿಟ್ಟು ಉಳಿದವಕ್ಕೆ ಅದು ಕಡ್ಡಾಯ.

ಇಲ್ಲಿ ಎಲ್ಲರೂ ಬೀಳುವ ಒಂದು ಗುಂಡಿ ಇದೆ. ‘ಶಿಕ್ಷಣ ಸಂಸ್ಥೆಗಳಿಗೆ ಸಂಶೋಧನೆಗೆ ವಿನಾಯಿತಿ ಇದೆಯಂತೆ, ನಮಗೇನೂ ಬೇಡ’ ಅನ್ನುತ್ತಾರೆ. ವಿನಾಯಿತಿ ಇರುವುದು ನಿಜ. ಆದರೆ ಅದು ಹಸಿರು ವಲಯದಲ್ಲಿ, ನಿಮ್ಮದೇ ಆವರಣದೊಳಗೆ ಅಥವಾ ನಿಮ್ಮ ಹಿಡಿತದಲ್ಲಿರುವ ಬಯಲಿನಲ್ಲಿ ನಡೆಯುವ ಸಂಶೋಧನೆ, ಪರೀಕ್ಷೆಗೆ. ಕ್ಯಾಂಪಸ್ ಮೈದಾನದಲ್ಲಿ ಸೆನ್ಸರ್ ಪರೀಕ್ಷೆ ಮಾಡಿ, ತೊಂದರೆ ಇಲ್ಲ. ಕುದುರೆಮುಖದ ಹುಲ್ಲುಗಾವಲು ನಿಮ್ಮ ಕಾಲೇಜಿನ ಆವರಣ ಅಲ್ಲ, ಅಲ್ವಾ?

ಎರಡನೇ ಗುಂಡಿ: ಆಕಾಶ ಹಸಿರಾಗಿದೆ ಅಂದರೆ ಕೆಳಗಿನ ನೆಲಕ್ಕೂ ಅನುಮತಿ ಸಿಕ್ಕಿತು ಅಂತಲ್ಲ. ರಾಷ್ಟ್ರೀಯ ಉದ್ಯಾನ, ವನ್ಯಧಾಮಗಳಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಮುಖ್ಯ ವನ್ಯಜೀವಿ ಪರಿಪಾಲಕರ ಅನುಮತಿ ಬೇಕು. ಕರ್ನಾಟಕದಲ್ಲಿ ಆ ಅರ್ಜಿ ಹೋಗುವುದು ಮಲ್ಲೇಶ್ವರದ ಅರಣ್ಯ ಭವನಕ್ಕೆ. ಅರ್ಜಿಯಲ್ಲಿ ದಿನಾಂಕ, ಹಾರಾಟದ ಸಂಖ್ಯೆ, ಎತ್ತರ, ಹದ್ದು ಗಿಡುಗಗಳ ಗೂಡು ಕಂಡರೆ ಏನು ಮಾಡುತ್ತೀರಿ ಅನ್ನುವುದು, ದತ್ತಾಂಶದ ಪ್ರತಿ ಇಲಾಖೆಗೆ ಕೊಡುತ್ತೀರಾ ಅನ್ನುವುದು, ಇಷ್ಟೂ ಬರೆಯಿರಿ. ಅನುಮತಿ ಬಂದ ಮೇಲೆ ವಲಯ ಅರಣ್ಯಾಧಿಕಾರಿಯನ್ನು ಖುದ್ದಾಗಿ ಕಂಡು ಮಾತಾಡಿ. ಮೇಲಿನ ಕಚೇರಿಯ ಪತ್ರ ಗೇಟಿನ ಸಿಬ್ಬಂದಿಗೆ ತಲುಪಿರುವುದೇ ಇಲ್ಲ ಎಷ್ಟೋ ಸಲ.

ಲಡಾಖ್, ಸ್ಪಿತಿ, ಸಿಕ್ಕಿಂ ಕಡೆ ಹೋಗುವವರಿಗೆ ಗಡಿಯ ಕಾರಣಕ್ಕೆ ಇದರ ಎರಡರಷ್ಟು ಕಾಗದ. ಜಿಲ್ಲಾಡಳಿತ, ಸೇನೆ ಎರಡಕ್ಕೂ ಹೇಳದೆ ಡ್ರೋನ್ ತೆಗೆಯಲೇಬೇಡಿ. ಅಲ್ಲಿ ಆಗಲೇ ಕೆಲಸ ಮಾಡುತ್ತಿರುವ ಸಂಸ್ಥೆಯ ಜೊತೆ ಸೇರಿಕೊಳ್ಳುವುದು ಬುದ್ಧಿವಂತಿಕೆ. ಗೋವಾದ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರ 2016ರಲ್ಲಿ ಸ್ಪಿತಿಯಲ್ಲಿ 4000 ಮೀಟರಿಗೂ ಎತ್ತರದಲ್ಲಿ ‘ಹಿಮಾಂಶ್’ ಅನ್ನುವ ಕೇಂದ್ರ ತೆರೆದಾಗಲೇ ಡ್ರೋನ್‌ನಿಂದ ಹಿಮನದಿ ಅಳೆಯುವುದು ಅದರ ಕೆಲಸದ ಪಟ್ಟಿಯಲ್ಲಿತ್ತು. ಬೆಂಗಳೂರಿನಲ್ಲೇ ಬೇಕು ಅಂದರೆ ಐಐಎಸ್‌ಸಿಯ ದಿವೇಚಾ ಹವಾಮಾನ ಬದಲಾವಣೆ ಕೇಂದ್ರದಲ್ಲಿ ಹಿಮಾಲಯದ ಹಿಮನದಿಗಳ ಮೇಲೆ ಬಹಳ ಕಾಲದಿಂದ ಕೆಲಸ ನಡೆದಿದೆ.

ಇನ್ನೊಂದು ಮಾತು. ಉಪಗ್ರಹ ಫೋನ್, ಉಪಗ್ರಹದ ಮೂಲಕ ಮೆಸೇಜ್ ಕಳಿಸುವ ಸಾಧನಗಳನ್ನು ದೂರಸಂಪರ್ಕ ಇಲಾಖೆಯ ಅನುಮತಿ ಇಲ್ಲದೆ ಭಾರತದಲ್ಲಿ ಇಟ್ಟುಕೊಳ್ಳುವಂತಿಲ್ಲ. ವಿದೇಶದಲ್ಲಿರುವ ಸ್ನೇಹಿತರು ಪ್ರೀತಿಯಿಂದ ಕೊಟ್ಟರೂ ತರಬೇಡಿ.

4. ಡ್ರೋನ್ ಆಯ್ಕೆ, ತೆಳು ಗಾಳಿ, ತಣ್ಣನೆ ಬ್ಯಾಟರಿ

ಈಗ ಬಂತು ನಿಮ್ಮ ಮೊದಲ ಪ್ರಶ್ನೆ. ಹೆಸರು ಹೇಳುವ ಮೊದಲು ಒಂದು ಸುದ್ದಿ: 2022ರ ಫೆಬ್ರುವರಿ 9ರಿಂದ ವಿದೇಶಿ ಡ್ರೋನ್ ಆಮದಿಗೆ ನಿಷೇಧ ಇದೆ. ಸಂಶೋಧನೆಗೆ ವಿನಾಯಿತಿ ಇದ್ದರೂ ಅದಕ್ಕೆ ಬೇರೆಯೇ ಪರವಾನಗಿ ತೆಗೆದುಕೊಳ್ಳಬೇಕು. ಬಿಡಿಭಾಗ ತರಿಸಲು ಅಡ್ಡಿಯಿಲ್ಲ. ಹಾಗಾಗಿ ಪ್ರಸ್ತಾವನೆಯ ಬಜೆಟ್ಟಿನಲ್ಲಿ ಸುಮ್ನೆ ವಿದೇಶಿ ಮಾದರಿಯ ಹೆಸರು ಬರೆದು ಕೂತರೆ ಖರೀದಿ ವಿಭಾಗದಲ್ಲಿ ಫೈಲು ನಿಂತುಬಿಡುತ್ತದೆ.

ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗುತ್ತದೆ. ಸಮುದ್ರಮಟ್ಟದಲ್ಲಿ ಒಂದು ಘನ ಮೀಟರ್ ಗಾಳಿ 1.225 ಕೆಜಿ ತೂಗುತ್ತದೆ. 2000 ಮೀಟರ್‌ನಲ್ಲಿ ಅದು ಸುಮಾರು 1 ಕೆಜಿ, 4000ದಲ್ಲಿ 0.82, 5000ದಲ್ಲಿ 0.74. ಅದೇ ತೂಕ ಎತ್ತಲು ಪ್ರೊಪೆಲ್ಲರ್ ಜೋರಾಗಿ ತಿರುಗಬೇಕು. ಒಂದೇ ಕಡೆ ನಿಂತು ಹಾರಲು ಬೇಕಾದ ಶಕ್ತಿ, ಗಾಳಿಯ ಸಾಂದ್ರತೆಯ ವರ್ಗಮೂಲ ಇಳಿದಷ್ಟು ಏರುತ್ತದೆ. ಲೆಕ್ಕ ಹಾಕಿದರೆ ಮುಳ್ಳಯ್ಯನಗಿರಿಯ ತುದಿಯಲ್ಲಿ ಸುಮಾರು 10% ಜಾಸ್ತಿ, 4000 ಮೀಟರ್‌ನಲ್ಲಿ 22% ಜಾಸ್ತಿ.

ಹಾಗಾದರೆ ಡಬ್ಬಿಯ ಮೇಲೆ 30 ನಿಮಿಷ ಅಂತ ಬರೆದಿರುವ ಡ್ರೋನ್ 4000 ಮೀಟರ್‌ನಲ್ಲಿ ಎಷ್ಟು ಹೊತ್ತು ಹಾರುತ್ತದೆ? ತೆಳು ಗಾಳಿಗೆ ಕಳೆದರೆ ಸುಮಾರು 24 ನಿಮಿಷ. 30% ಬ್ಯಾಟರಿ ಉಳಿದಾಗಲೇ ಇಳಿಸಬೇಕು, ಹಾಗಾಗಿ 17. ಚಳಿಗೆ, ಎದುರುಗಾಳಿಗೆ ಇನ್ನಷ್ಟು ಕಳೆದು 13 ಅಥವಾ 14 ಅಂತ ಇಟ್ಟುಕೊಳ್ಳಿ. ಯೋಜನೆ ಹಾಕುವುದು ಈ ಅಂಕಿಯ ಮೇಲೆ.

ಬ್ಯಾಟರಿಗೆ ಚಳಿ ಅಂದರೆ ಆಗದು. ಪರದೆಯಲ್ಲಿ 45% ತೋರಿಸುತ್ತಿದ್ದದ್ದು ಒಮ್ಮೆಗೇ ವೋಲ್ಟೇಜ್ ಕುಸಿದು ತಾನಾಗಿ ಇಳಿಯಲು ಶುರು ಮಾಡುತ್ತದೆ. ರಾತ್ರಿ ಬ್ಯಾಟರಿಗಳನ್ನು ಸ್ಲೀಪಿಂಗ್ ಬ್ಯಾಗ್ ಒಳಗೆ ಇಟ್ಟುಕೊಳ್ಳಿ, ಬೆಳಗ್ಗೆ ಜಾಕೆಟ್ ಒಳಜೇಬಿನಲ್ಲಿ. ಟೇಕಾಫ್ ಆದ ಮೇಲೆ ಎರಡಾಳೆತ್ತರದಲ್ಲಿ ಒಂದು ನಿಮಿಷ ಸುಮ್ನೆ ನಿಲ್ಲಿಸಿ ಬಿಸಿಯಾಗಲು ಬಿಡಿ. ಕೆಲವು ಮಾದರಿಗಳಿಗೆ ಎತ್ತರದ ಜಾಗಕ್ಕೆಂದೇ ಬೇರೆ ಪ್ರೊಪೆಲ್ಲರ್ ಸಿಗುತ್ತವೆ, ಇದ್ದರೆ ತಗೊಳ್ಳಿ.

ವಿಮಾನದಲ್ಲಿ ಹೋಗುವುದಾದರೆ ಬ್ಯಾಟರಿ ಕೈಚೀಲದಲ್ಲೇ ಇರಬೇಕು, ಚೆಕ್‌ಇನ್ ಲಗೇಜಿನಲ್ಲಿ ಅಲ್ಲ. 100 ವ್ಯಾಟ್-ಅವರ್ ಒಳಗಿನವು ಸಾಮಾನ್ಯವಾಗಿ ನಡೆಯುತ್ತವೆ. 100ರಿಂದ 160ರವರೆಗೆ ವಿಮಾನ ಸಂಸ್ಥೆಯ ಒಪ್ಪಿಗೆ ಬೇಕು, ಅದೂ ಎರಡೇ. ಅದಕ್ಕಿಂತ ದೊಡ್ಡದು ಹತ್ತಿಸುವುದೇ ಇಲ್ಲ. ತುದಿಗಳಿಗೆ ಟೇಪ್ ಸುತ್ತಿ.

5. ಹಾರಾಟದ ಯೋಜನೆ: ಒಂದು ಲೆಕ್ಕ ಕೈಯಲ್ಲೇ ಮಾಡಿ

ಆ್ಯಪ್ ಎಲ್ಲ ಮಾಡಿಕೊಡುತ್ತದೆ. ಆದರೂ ಒಂದು ಸಲ ಕೈಯಲ್ಲಿ ಲೆಕ್ಕ ಮಾಡಿದರೆ ತಪ್ಪು ಎಲ್ಲಿ ಆಗುತ್ತದೆ ಅಂತ ಕಣ್ಣಿಗೆ ಕಾಣುತ್ತದೆ.

ನೆಲಚಿತ್ರಣಕ್ಕೆ ಬಹಳ ಜನ ಬಳಸುವ ಒಂದು ಇಂಚಿನ ಸೆನ್ಸರ್ ಕ್ಯಾಮೆರಾ ತಗೊಳ್ಳೋಣ. ಸೆನ್ಸರ್ ಅಗಲ 13.2 ಮಿಲಿಮೀಟರ್, ಲೆನ್ಸ್ 8.8 ಮಿಲಿಮೀಟರ್, ಚಿತ್ರದ ಅಗಲ 5472 ಪಿಕ್ಸೆಲ್. 100 ಮೀಟರ್ ಮೇಲಿಂದ ತೆಗೆದರೆ ಒಂದು ಚಿತ್ರದಲ್ಲಿ 150 ಮೀಟರ್ ಅಗಲ, 100 ಮೀಟರ್ ಉದ್ದದ ನೆಲ ಬರುತ್ತದೆ. ಒಂದು ಪಿಕ್ಸೆಲ್ ಅಂದರೆ ನೆಲದ ಮೇಲೆ 2.7 ಸೆಂಟಿಮೀಟರ್.

ಚಿತ್ರಗಳು ಒಂದರ ಮೇಲೊಂದು ಹಾಯಬೇಕು. ಇದಕ್ಕೆ ಓವರ್‌ಲ್ಯಾಪ್ ಅನ್ನುತ್ತಾರೆ. ಮುಂದಕ್ಕೆ 80%, ಪಕ್ಕಕ್ಕೆ 70% ಇರಲಿ. ಆಗ ಸಾಲಿನಿಂದ ಸಾಲಿಗೆ 45 ಮೀಟರ್, ಚಿತ್ರದಿಂದ ಚಿತ್ರಕ್ಕೆ 20 ಮೀಟರ್. 800 ಮೀಟರ್ ಉದ್ದ, 500 ಮೀಟರ್ ಅಗಲದ ಜಾಗಕ್ಕೆ ಸುಮಾರು 12 ಸಾಲು, 9.6 ಕಿಲೋಮೀಟರ್ ಹಾರಾಟ, 480 ಚಿತ್ರ. ಸೆಕೆಂಡಿಗೆ 8 ಮೀಟರ್ ವೇಗದಲ್ಲಿ 20 ನಿಮಿಷ, ತಿರುವುಗಳು ಬೇರೆ. 13 ನಿಮಿಷದ ಬ್ಯಾಟರಿಗೆ ಇದು ಎರಡು ಹಾರಾಟ.

ಈಗ ನೆಲವನ್ನು ಓರೆ ಮಾಡಿ. ನೀವು ಬುಡದಲ್ಲಿ ನಿಂತು ಟೇಕಾಫ್ ಮಾಡಿದಿರಿ, ಪರದೆಯಲ್ಲಿ 100 ಅಂತ ಇದೆ. ಆಚೆ ತುದಿಯಲ್ಲಿ ಗುಡ್ಡ 60 ಮೀಟರ್ ಏರಿದೆ. ಅಲ್ಲಿ ಡ್ರೋನ್ ನೆಲದಿಂದ ಬರೀ 40 ಮೀಟರ್ ಮೇಲಿದೆ. ಚಿತ್ರದ ಅಗಲ 60 ಮೀಟರಿಗೆ ಇಳಿಯಿತು, ಸಾಲಿನ ಅಂತರ ಮಾತ್ರ 45 ಮೀಟರೇ. ಪಕ್ಕದ ಓವರ್‌ಲ್ಯಾಪ್ 70%ನಿಂದ 25%ಗೆ ಬಿತ್ತು, ಮುಂದಿನದು 80ರಿಂದ 50ಕ್ಕೆ. ಕಂಪ್ಯೂಟರ್ ಆ ಭಾಗವನ್ನು ಜೋಡಿಸಲಾಗದೆ ತೂತು ಬಿಡುತ್ತದೆ. ನಿಮಗೆ ಬೇಕಾಗಿದ್ದ ಭಾಗ ಅದೇ ಆಗಿರುತ್ತದೆ! ತಲೆಕೆಳಗು ಮಾಡಿ ತುದಿಯಲ್ಲಿ ನಿಂತು ಹಾರಿಸಿದರೆ ಬುಡದಲ್ಲಿ ನೆಲದಿಂದ 160 ಮೀಟರ್ ಮೇಲಿರುತ್ತೀರಿ. 120ರ ಮಿತಿ ದಾಟಿತು, ಗೊತ್ತಿಲ್ಲದೆಯೇ ಕಾನೂನು ಮುರಿದಿರಿ.

ಪರಿಹಾರ ನೆಲದ ಏರಿಳಿತ ಅನುಸರಿಸುವ ಹಾರಾಟ. ಅದಕ್ಕೆ ಬಳಸುವ ಎತ್ತರದ ನಕ್ಷೆಯನ್ನು ಕಣ್ಣುಮುಚ್ಚಿ ನಂಬಬೇಡಿ. ಎಸ್‌ಆರ್‌ಟಿಎಂ ಅಳತೆ ಆದದ್ದು 2000ದ ಫೆಬ್ರುವರಿಯಲ್ಲಿ. ಆಮೇಲೆ ಬೆಳೆದ ಮರ, ಕಟ್ಟಿದ ಟವರ್, ಎಳೆದ ವಿದ್ಯುತ್ ತಂತಿ ಅದಕ್ಕೆ ಗೊತ್ತಿಲ್ಲ. ಮೊದಲು ಜಾಸ್ತಿ ಎತ್ತರದಲ್ಲಿ ಒಂದು ಒರಟು ಹಾರಾಟ ಮಾಡಿ, ಅದರಿಂದ ಬಂದ ನಕ್ಷೆಯ ಮೇಲೆ ನಿಜವಾದ ಹಾರಾಟ ಯೋಜಿಸಿದರೆ ಕ್ಷೇಮ.

ತಾನಾಗಿ ವಾಪಸ್ ಬರುವ ಎತ್ತರವನ್ನೂ ಹೊಂದಿಸಿ. ಅದೂ ಟೇಕಾಫ್ ಜಾಗದಿಂದಲೇ ಲೆಕ್ಕ. ನಡುವೆ ಒಂದು ದಿಣ್ಣೆ ಇದ್ದರೆ ಸಿಗ್ನಲ್ ಹೋದ ಡ್ರೋನ್ ನೆಟ್ಟಗೆ ಅದಕ್ಕೇ ಬಂದು ಬಡಿಯುತ್ತದೆ.

6. ನೆಲದ ಗುರುತುಗಳು

ನೆಲದ ಮೇಲೆ ಹಾಸುವ ಕಪ್ಪು-ಬಿಳಿ ಹಾಳೆಗಳೇ ಗುರುತು. ಅವುಗಳ ಮಧ್ಯಬಿಂದುವನ್ನು ನಿಖರ ಜಿಪಿಎಸ್‌ನಿಂದ ಅಳೆಯುತ್ತೀರಿ, ನಕ್ಷೆಯನ್ನು ಸರಿಯಾದ ಜಾಗಕ್ಕೆ, ಎತ್ತರಕ್ಕೆ ಕೂರಿಸುವುದು ಅದರಿಂದಲೇ. ಹಾಳೆ ಕನಿಷ್ಠ ಹತ್ತು ಪಿಕ್ಸೆಲ್ ಅಗಲ ಕಾಣಬೇಕು, ಮೇಲಿನ ಉದಾಹರಣೆಗೆ ಅರ್ಧ ಮೀಟರ್ ಚೌಕ ಸಾಕು. ಬೆಟ್ಟದ ಗಾಳಿಗೆ ಹಾಳೆ ಮಡಚಿಕೊಳ್ಳುತ್ತದೆ, ನಾಲ್ಕು ಮೂಲೆಗೂ ಕಲ್ಲು ಇಡಿ. ಹಿಮದ ಮೇಲೆ ಬಿಳಿ ಕಾಣುವುದಿಲ್ಲ, ಕೆಂಪು ಅಥವಾ ಕಪ್ಪು ಬಳಸಿ.

ಎಲ್ಲ ಗುರುತನ್ನೂ ದಾರಿಯ ಪಕ್ಕದಲ್ಲೇ ಹಾಕುವುದು ಸೋಮಾರಿತನ, ನಾನೂ ಮಾಡಿದ್ದೇನೆ. ಅಂಚುಗಳಲ್ಲಿ, ಮಧ್ಯದಲ್ಲಿ, ಬುಡದಲ್ಲಿ, ತುದಿಯಲ್ಲಿ ಹರಡಬೇಕು. ಇಲ್ಲದಿದ್ದರೆ ಇಡೀ ನಕ್ಷೆ ಮಧ್ಯದಲ್ಲಿ ಬಟ್ಟಲಿನ ಹಾಗೆ ಬಾಗುತ್ತದೆ. ಕೆಲವು ಚಿತ್ರಗಳನ್ನು ಕ್ಯಾಮೆರಾ ಓರೆ ಮಾಡಿ ತೆಗೆದರೂ ಈ ಬಾಗುವಿಕೆ ಕಡಿಮೆಯಾಗುತ್ತದೆ.

ಕೆಲವು ಗುರುತುಗಳನ್ನು ಲೆಕ್ಕಕ್ಕೆ ಸೇರಿಸದೆ ಪರೀಕ್ಷೆಗೆ ಅಂತಲೇ ಬಿಡಿ. ನಕ್ಷೆ ಸಿದ್ಧವಾದ ಮೇಲೆ ಅವುಗಳ ಮೇಲೆ ಬರುವ ತಪ್ಪೇ ನಿಜವಾದ ತಪ್ಪು. ಲೆಕ್ಕಕ್ಕೆ ಬಳಸಿದ ಗುರುತುಗಳ ಮೇಲಿನ ತಪ್ಪು ಯಾವತ್ತೂ ಚೆನ್ನಾಗಿಯೇ ಕಾಣುತ್ತದೆ. ಪ್ರಶ್ನೆಪತ್ರಿಕೆ ಮೊದಲೇ ನೋಡಿ ಪರೀಕ್ಷೆ ಬರೆದ ಹಾಗೆ.

ಹಿಮನದಿಯ ಮೇಲೆ ಒಂದು ಎಚ್ಚರ: ಹಿಮ ಚಲಿಸುತ್ತದೆ. ಎರಡು ಸಲಕ್ಕೂ ಹೊಂದುವ ಗುರುತು ಬೇಕಾದರೆ ಪಕ್ಕದ ಗಟ್ಟಿ ಬಂಡೆಯ ಮೇಲೆ ಹಾಕಿ.

7. ಹಾರಾಟದ ದಿನ

ಹಿಮಾಲಯದ ಕಣಿವೆಗಳಲ್ಲಿ ಬಿಸಿಲೇರಿದಂತೆ ಗಾಳಿ ಕೆಳಗಿನಿಂದ ಮೇಲಕ್ಕೆ ಬೀಸಲು ಶುರುವಾಗುತ್ತದೆ. ಮಧ್ಯಾಹ್ನ ಹಾರಿಸುವುದು ಕಷ್ಟ. ಆದರೆ ಬೆಳಗ್ಗೆ ನೆರಳು ಉದ್ದ. ಎರಡರ ನಡುವೆ ಸಿಗುವ ಕಿಟಕಿ ಚಿಕ್ಕದು. ಪಶ್ಚಿಮಘಟ್ಟದಲ್ಲಿ ಮೋಡದ್ದೇ ಕಾಟ. ಎದುರಿನ ಗುಡ್ಡ ಕಾಣುತ್ತಿದೆ ಅಂತ ಡ್ರೋನ್ ಎತ್ತಿದರೆ ಐದು ನಿಮಿಷದಲ್ಲಿ ಡ್ರೋನೂ ಕಾಣುವುದಿಲ್ಲ, ಗುಡ್ಡವೂ ಕಾಣುವುದಿಲ್ಲ.

ಬಾಬಾಬುಡನ್‌ಗಿರಿ, ಕುದುರೆಮುಖದ ಕಡೆ ಹೋಗುವವರಿಗೆ ಒಂದು ವಿಶೇಷ ಸೂಚನೆ. ಅಲ್ಲಿನ ಬಂಡೆಯಲ್ಲಿ ಮ್ಯಾಗ್ನೆಟೈಟ್ ಇದೆ, ಕಬ್ಬಿಣದ ಕಾಂತೀಯ ಅದಿರು. ಡ್ರೋನ್‌ನ ದಿಕ್ಸೂಚಿ ಅದರ ಹತ್ತಿರ ತಲೆಕೆಡಿಸಿಕೊಳ್ಳುತ್ತದೆ. ಬಂಡೆಯ ಮೇಲೆ ಅಥವಾ ಜೀಪಿನ ಬಾನೆಟ್ ಮೇಲೆ ಇಟ್ಟು ದಿಕ್ಸೂಚಿ ಹೊಂದಿಸಲು ಹೋಗಬೇಡಿ. ಒಂದು ಮಡಚುವ ಮೇಜು ಒಯ್ದು ಅದರ ಮೇಲಿಂದ ಹಾರಿಸಿ. ದಿಕ್ಸೂಚಿಯ ಎಚ್ಚರಿಕೆ ಬಂದರೆ ‘ಪರವಾಗಿಲ್ಲ’ ಅಂತ ಒತ್ತದೆ ಜಾಗ ಬದಲಿಸಿ.

ಗಿಡಗಳ ಆರೋಗ್ಯ ನೋಡುವ ಬಹುಬಣ್ಣದ ಕ್ಯಾಮೆರಾ ಇದ್ದರೆ, ಬೆಳಕು ಅಳೆಯಲು ಕೊಡುವ ಬೂದು ಫಲಕದ ಚಿತ್ರವನ್ನು ಪ್ರತಿ ಹಾರಾಟದ ಮುಂಚೆ, ಆಮೇಲೆ ಎರಡೂ ಸಲ ತೆಗೆಯಿರಿ. ನಿಮ್ಮ ನೆರಳು ಅದರ ಮೇಲೆ ಬೀಳದಿರಲಿ. ಮರೆತರೆ ಈ ತಿಂಗಳ ಎನ್‌ಡಿವಿಐಯನ್ನು (ಎಲೆಯ ಹಸಿರನ್ನು ಕೆಂಪು ಮತ್ತು ಅವಕೆಂಪು ಬೆಳಕಿನಿಂದ ಅಳೆಯುವ ಸೂಚ್ಯಂಕ) ಮುಂದಿನ ತಿಂಗಳಿನದಕ್ಕೆ ಹೋಲಿಸುವ ಹಾಗಿಲ್ಲ.

ನಿಮ್ಮ ಆರೋಗ್ಯವನ್ನೂ ನೋಡಿಕೊಳ್ಳಿ. ಬೆಂಗಳೂರಿನಿಂದ ಹೊರಟು ಅದೇ ದಿನ 3500 ಮೀಟರಿನ ಲೇಹ್‌ನಲ್ಲಿ ಇಳಿದರೆ ಎರಡು ದಿನ ಏನೂ ಮಾಡಬೇಡಿ. 3000 ಮೀಟರ್ ದಾಟಿದ ಮೇಲೆ ಮಲಗುವ ಜಾಗ ದಿನಕ್ಕೆ 500 ಮೀಟರಿಗಿಂತ ಜಾಸ್ತಿ ಏರದಿರಲಿ. ತಲೆನೋವು, ವಾಂತಿ ಇರುವ ಪೈಲಟ್ ಕೈಗೆ ರಿಮೋಟ್ ಕೊಡಬೇಡಿ.

8. ಗಾಳಿಯ ಗುಣಮಟ್ಟ ಅಳೆಯುವವರಿಗೆ

ಈ ದಾರಿ ಹಾಕಿದ ಹಳೆಯ ಕೆಲಸಗಳಲ್ಲಿ ಒಂದು ಐಐಎಸ್‌ಸಿಯಲ್ಲಿ ಓದಿದ ವೀರಭದ್ರನ್ ರಾಮನಾಥನ್ ಅವರದು. 2006ರ ಮಾರ್ಚ್‌ನಲ್ಲಿ ಮಾಲ್ದೀವ್ಸ್‌ನ ಹನಿಮಾಧೂ ದ್ವೀಪದಿಂದ ಅವರ ತಂಡ ಮೂರು ಪುಟ್ಟ ಮಾನವರಹಿತ ವಿಮಾನಗಳನ್ನು ಒಂದರ ಮೇಲೊಂದು ಹಾರಿಸಿತು. ಹೊಗೆ ಮತ್ತು ಕಪ್ಪು ಇಂಗಾಲದ ಕಂದು ಮೋಡ, ಬಿಸಿಲಿನಿಂದ ಕೆಳಗಿನ ವಾಯುಮಂಡಲಕ್ಕೆ ಏರುವ ಬಿಸಿಯನ್ನು ಸುಮಾರು 50% ಹೆಚ್ಚಿಸುತ್ತದೆ ಅಂತ ಅದರಿಂದ ಗೊತ್ತಾಯಿತು.

ನಾಲ್ಕು ಪ್ರೊಪೆಲ್ಲರ್‌ನ ಡ್ರೋನ್‌ಗೆ ಸೆನ್ಸರ್ ಕಟ್ಟುವಾಗ ಮೂರು ವಿಷಯ ನೆನಪಿರಲಿ. ಹೊಟ್ಟೆಯ ಕೆಳಗೆ ಕಟ್ಟಿದರೆ ಪ್ರೊಪೆಲ್ಲರ್ ಕೆಳಕ್ಕೆ ತಳ್ಳಿ ಕಲಸಿದ ಗಾಳಿಯನ್ನೇ ಅಳೆಯುತ್ತೀರಿ, ಕೊಳವೆಯ ಬಾಯಿ ಮೇಲಕ್ಕೆ ಅಥವಾ ಪಕ್ಕಕ್ಕೆ ದೂರ ಚಾಚಿರಬೇಕು. ಅಗ್ಗದ ದೂಳು ಸೆನ್ಸರ್ ಮಂಜಿನ ಹನಿಯನ್ನೂ ದೂಳು ಅಂತಲೇ ಎಣಿಸುತ್ತದೆ, ಜೊತೆಗೆ ತೇವಾಂಶ ಅಳೆಯಿರಿ. ಸೆನ್ಸರ್ ಉತ್ತರ ಕೊಡಲು 30 ಸೆಕೆಂಡ್ ತೆಗೆದುಕೊಂಡರೆ, ಸೆಕೆಂಡಿಗೆ 4 ಮೀಟರ್ ವೇಗದಲ್ಲಿ ಏರುವ ಡ್ರೋನ್ ಅಷ್ಟರಲ್ಲಿ 120 ಮೀಟರ್ ಏರಿಬಿಟ್ಟಿರುತ್ತದೆ. ಇಡೀ ಅಳತೆ ಒಂದೇ ಮುದ್ದೆಯಾಯಿತು. ಒಂದೊಂದು ಎತ್ತರದಲ್ಲೂ ನಿಂತು ನಿಂತು ಹೋಗಿ.

9. ಲ್ಯಾಬಿಗೆ ಬಂದ ಮೇಲೆ

ಚಿತ್ರಗಳಿಂದ ಮೂರು ಆಯಾಮದ ಮೇಲ್ಮೈ ಮಾಡುವ ವಿಧಾನಕ್ಕೆ ‘ಸ್ಟ್ರಕ್ಚರ್ ಫ್ರಮ್ ಮೋಷನ್’ ಅನ್ನುತ್ತಾರೆ. ಒಂದೇ ಕಲ್ಲು ಹಲವು ಚಿತ್ರಗಳಲ್ಲಿ ಎಲ್ಲೆಲ್ಲಿ ಕಾಣುತ್ತದೆ ಅನ್ನುವುದರಿಂದ ಅದರ ಜಾಗ ಲೆಕ್ಕ ಹಾಕುವುದು ಅಷ್ಟೇ. ದುಡ್ಡಿದ್ದರೆ ಮೆಟಾಶೇಪ್, ಪಿಕ್ಸ್4ಡಿ ಸಾಫ್ಟ್‌ವೇರ್‌ಗಳಿವೆ. ಇಲ್ಲದಿದ್ದರೆ ಉಚಿತವಾದ ಓಪನ್‌ಡ್ರೋನ್‌ಮ್ಯಾಪ್, ನೋಡಲು ಕ್ಯೂಜಿಐಎಸ್, ಮೇಲ್ಮೈ ಹೋಲಿಸಲು ಕ್ಲೌಡ್‌ಕಂಪೇರ್.

ನಿರ್ದೇಶಾಂಕ ವಲಯ ಸರಿಯಾಗಿ ಆರಿಸಿ. ಯುಟಿಎಂ ಅನ್ನುವ ಪದ್ಧತಿಯಲ್ಲಿ ಭೂಮಿಯನ್ನು ಉತ್ತರ-ದಕ್ಷಿಣ ಪಟ್ಟಿಗಳಾಗಿ ಹಂಚಿ ಒಂದೊಂದಕ್ಕೂ ಸಂಖ್ಯೆ ಕೊಟ್ಟಿದ್ದಾರೆ. ಚಿಕ್ಕಮಗಳೂರು, ಬೆಂಗಳೂರು ಎರಡೂ ಯುಟಿಎಂ 43 ಉತ್ತರ ವಲಯದಲ್ಲಿವೆ. ಲಾಹೌಲ್-ಸ್ಪಿತಿಗೆ ಹೋದರೆ 43, 44ನೇ ವಲಯಗಳ ಗಡಿಯಾದ 78ನೇ ರೇಖಾಂಶ ಅಲ್ಲೇ ಹಾದುಹೋಗುತ್ತದೆ. ಛೋಟಾ ಶಿಗ್ರಿ ಹಿಮನದಿ 43ರಲ್ಲಿ, ಕಾಜಾ ಪೇಟೆ 44ರಲ್ಲಿ!

ಎರಡು ಮೇಲ್ಮೈ ಕಳೆದ ತಕ್ಷಣ ನಿಮ್ಮ ಹಿಮನದಿಯನ್ನೋ ಹುಲ್ಲುಗಾವಲನ್ನೋ ನೋಡಲು ಓಡಬೇಡಿ. ಮೊದಲು ಬಂಡೆ ನೋಡಿ. ಅಲುಗಾಡದ ಬಂಡೆಯ ಮೇಲೆ ವ್ಯತ್ಯಾಸ ಸೊನ್ನೆಯ ಹತ್ತಿರ ಬರಬೇಕು. ಬಂಡೆಯೇ 30 ಸೆಂಟಿಮೀಟರ್ ‘ಇಳಿದಿದ್ದರೆ’ ನಿಮ್ಮ ಹಿಮ 30 ಸೆಂಟಿಮೀಟರ್ ಕರಗಿದ್ದಕ್ಕೆ ಅರ್ಥವಿಲ್ಲ. ಎಲ್ಲ ಕಡೆ ಒಂದೇ ಸಮನಾಗಿ 85 ಮೀಟರ್ ಅಥವಾ ಅದರ ಆಸುಪಾಸು ವ್ಯತ್ಯಾಸ ಬಂದರೆ ಎರಡನೇ ಹಂತಕ್ಕೆ ವಾಪಸ್ ಹೋಗಿ.

ಪ್ರಬಂಧದಲ್ಲಿ ಪರೀಕ್ಷಾ ಗುರುತುಗಳ ಮೇಲಿನ ತಪ್ಪು, ನೆಲದಿಂದ ಎತ್ತರದ ಕನಿಷ್ಠ-ಗರಿಷ್ಠ, ಎತ್ತರದ ಲೆಕ್ಕ ಯಾವುದರಿಂದ ಅನ್ನುವುದು, ಈ ಮೂರನ್ನೂ ಮರೆಯದೆ ಬರೆಯಿರಿ.

ಮುಂದಿನ ವರ್ಷ ಅದೇ ಜಾಗಕ್ಕೆ ಹೋಗುವವರು ನೀವೇ ಆಗಿರಲಿಕ್ಕಿಲ್ಲ. ಮೂಲ ಚಿತ್ರಗಳು, ಹಾರಾಟದ ಯೋಜನೆಯ ಫೈಲು, ಗುರುತುಗಳ ಪಟ್ಟಿ, ಅನುಮತಿ ಪತ್ರದ ಪ್ರತಿ, ಎಲ್ಲವನ್ನೂ ಒಂದೇ ಫೋಲ್ಡರಿನಲ್ಲಿ ಹಾಕಿ ಎರಡು ಕಡೆ ಇಡಿ. ಜೊತೆಗೆ ಟೇಕಾಫ್ ಮಾಡಿದ ಜಾಗದ ಒಂದು ಫೋಟೋ ಇರಲಿ. ಅದರಲ್ಲಿ ಗುರುತು ಹಿಡಿಯುವಂಥ ಒಂದು ಬಂಡೆ, ಆ ಬಂಡೆಯ ಪಕ್ಕದಲ್ಲಿ ಮನುಷ್ಯ ಒಬ್ಬ ನಿಂತಿರಲಿ.